ನಾನೀಚೆಗೆ ಓದಿದ ಪ್ರಣಯ ಕಾದಂಬರಿಗಳು

ಪ್ರಣಯ ಕಾದಂಬರಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸಾಹಿತ್ಯಾಸಕ್ತರಲ್ಲಿ ಅನೇಕರ ತುಟಿಯಂಚಿನಲ್ಲಿ ಒಂದು ಕಿರುನಗೆ ಮೂಡುವುದುಂಟು. ಹೆಂಗಸರು ಮಧ್ಯಾಹ್ನದ ಹೊತ್ತು ಕಳೆಯುವುದಕ್ಕೆ ಓದುವ ಪುಸ್ತಕಗಳು, ಕಣ್ಣೀರು ತರಿಸುವುದಕ್ಕೆಂದೇ ಬರೆದ ಕಥೆಗಳು, ಅಡುಗೆಮನೆಯ ಸಾಹಿತ್ಯ ಎಂದು ಮುಂತಾಗಿ ಅವುಗಳಿಗೆ ನಾವು ಕೊಟ್ಟಿರುವ ಬಿರುದುಗಳು ಹಲವು. ಆದರೆ ಬಿರುದು ಕೊಡುವವರೆಲ್ಲ ಆ ಪುಸ್ತಕಗಳನ್ನು ಓದಿರುತ್ತಾರೆಂಬ ಭರವಸೆಯೇನೂ ಇಲ್ಲ. ಆದ್ದರಿಂದ ಅವುಗಳಲ್ಲಿ ಕೆಲವನ್ನಾದರೂ ಕ್ರಮವಾಗಿ, ಬರೆದ ಕಾಲದ ಅನುಕ್ರಮದಲ್ಲಿ ಓದಿ ನೋಡಬೇಕೆಂಬ ಮನಸ್ಸು ನನಗೆ ಬಹಳ ದಿನಗಳಿಂದ ಇತ್ತು.

ಕಳೆದ ಕೆಲವು ತಿಂಗಳಲ್ಲಿ ಆ ಕೆಲಸ ನಡೆಯಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’, ತ್ರಿವೇಣಿಯವರ ‘ಬೆಳ್ಳಿಮೋಡ’ ಮತ್ತು ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಮತ್ತು ‘ಫಣಿಯಮ್ಮ’, ಉಷಾ ನವರತ್ನರಾಂ ಅವರ ‘ಬಂಧನ’ – ಹೀಗೆ ಏಳು ಪುಸ್ತಕಗಳು. ಮೊದಲನೆಯದು ಅಚ್ಚಾದದ್ದು 1899ರಲ್ಲಿ. ಕೊನೆಯದು ಚಲನಚಿತ್ರವಾಗಿ ತೆರೆಗೆ ಬಂದದ್ದು 1984ರಲ್ಲಿ. ಇವುಗಳಲ್ಲಿ ‘ಫಣಿಯಮ್ಮ’ ಪ್ರಣಯ ಕಾದಂಬರಿಯೇ ಅಲ್ಲವಲ್ಲ ಎಂದು ನೀವು ಆಕ್ಷೇಪಿಸಬಹುದು. ಅದನ್ನು ಈ ಸಾಲಿನಲ್ಲಿ ಏಕೆ ಸೇರಿಸಿದೆನೆಂಬುದನ್ನು ಮುಂದೆ ಹೇಳುತ್ತೇನೆ.

ಈ ಏಳನ್ನೂ ಓದಿದ ಮೇಲೆ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುವುದು ಒಳಿತು. ಪ್ರೀತಿ ಗೆದ್ದಿತೇ, ಸೋತಿತೇ ಎಂಬುದು ಈ ಕಾದಂಬರಿಗಳ ಮೇಲುನೋಟದ ಪ್ರಶ್ನೆ. ಅದರ ಅಡಿಯಲ್ಲಿ ಇನ್ನೊಂದು ಪ್ರಶ್ನೆಯಿದೆ: ‘ಆಗಬಹುದು’ ಎಂದು ಹೇಳುವ ಅಧಿಕಾರ, ‘ಬೇಡ’ ಎಂದು ಹೇಳುವ ಅಧಿಕಾರ, ಹೆಣ್ಣಿಗೆ ಉಂಟೇ? ಉಂಟಾದರೆ, ಹಾಗೆ ಹೇಳಿದ ಮೇಲೆ ಅವಳು ಎಲ್ಲಿ ನಿಲ್ಲಬೇಕು? ನಮ್ಮ ಪ್ರಣಯ ಕಾದಂಬರಿಯ ಚರಿತ್ರೆಯೆಂದರೆ ಈ ಒಪ್ಪಿಗೆಯ ಚರಿತ್ರೆಯೇ ಎಂದು ನನ್ನ ಭಾವನೆ.

ಹಾಗೆ ನೋಡಿದರೆ, ಈ ಸಾಹಿತ್ಯಪ್ರಕಾರಕ್ಕೆ ನಾವು ಇಟ್ಟ ಹೆಸರೇ ಒಬ್ಬ ಪ್ರಣಯಿನಿಯದು. ಬಾಣಭಟ್ಟನ ಕಥಾನಾಯಿಕೆ ಕಾದಂಬರಿ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಆ ಗದ್ಯಕಥೆಯನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪುವಾಗಿ ಕನ್ನಡಕ್ಕೆ ತಂದ. ಮುಂದೆ ಇಂಗ್ಲಿಷಿನ ನಾವೆಲ್ ನಮ್ಮಲ್ಲಿಗೆ ಬಂದಾಗ ಆ ಹೆಣ್ಣಿನ ಹೆಸರೇ ಅದಕ್ಕೆ ಅಂಕಿತವಾಯಿತು. ಪ್ರಣಯಕಥೆ ನಮಗೆ ಹೊಸದೇನಲ್ಲ. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ನಾಯಕನೂ ನಾಯಿಕೆಯೂ ಪರಸ್ಪರರನ್ನು ಕನಸಿನಲ್ಲಿ ಕಂಡು ಮೋಹಗೊಳ್ಳುತ್ತಾರೆ. ಆದರೆ ಆ ನಾಯಿಕೆಯರು ರಾಜಕುಮಾರಿಯರು, ಗಂಧರ್ವ ಕನ್ಯೆಯರು. ಅವರ ವಿರಹಕ್ಕೆ ಚಂದ್ರ ಕಾರಣ, ಮಂದಮಾರುತ ಕಾರಣ. ತಂದೆಯ ಸಾಲ, ಅತ್ತೆಯ ಮಾತು, ಮನೆಯ ಬಾಡಿಗೆ – ಇವು ಕಾರಣವಲ್ಲ. ಈ ಸಣ್ಣ ಕಾರಣಗಳು ಕಥೆಯೊಳಗೆ ಕಾಲಿಟ್ಟಾಗಲೇ ನಮ್ಮ ಕಾದಂಬರಿ ಆಧುನಿಕವಾಯಿತು.

‘ಇಂದಿರಾಬಾಯಿ’ಯಿಂದ ಆರಂಭಿಸೋಣ. ಇದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ. ಗ್ರಂಥಕರ್ತರು ಪೊಲೀಸ್ ಇಲಾಖೆಯಲ್ಲಿದ್ದವರು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಇದನ್ನು ಗುರುತಿಸಿದ್ದಾರೆ. ಹೆಸರಿನ ಜೊತೆಗೆ ‘ಸದ್ಧರ್ಮ ವಿಜಯ’ ಎಂಬ ಇನ್ನೊಂದು ಹೆಸರೂ ಉಂಟು; ಆದ್ದರಿಂದ ಉಪದೇಶ ಧಾರಾಳವಾಗಿದೆ. ಆದರೆ ಉಪದೇಶದ ನಡುವೆ ಒಂದು ಘಟನೆಯಿದೆ. ಬಾಲ್ಯದಲ್ಲೇ ವಿಧವೆಯಾದ ಇಂದಿರೆಯನ್ನು ಅವಳ ತಂದೆತಾಯಿಗಳೇ ಧರ್ಮದ ಹೆಸರಿನಲ್ಲಿ ಕಪಟ ಸಂತರ ಸೇವೆಗೆ ತಳ್ಳಲು ನೋಡುತ್ತಾರೆ. ಅವಳು ಒಪ್ಪುವುದಿಲ್ಲ, ಹುಟ್ಟಿದ ಮನೆಯ ಹೊಸಲು ದಾಟಿ ಅಮೃತರಾಯನೆಂಬ ಸಜ್ಜನನ ಆಶ್ರಯಕ್ಕೆ ಹೋಗುತ್ತಾಳೆ. ಅಲ್ಲಿ ವಿದ್ಯೆ ಕಲಿತು, ಕಾಲಾನಂತರದಲ್ಲಿ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ.

ಮದುವೆಯೇ ಕಥೆಯ ಗುರಿಯೆಂದು ಚರಿತ್ರಕಾರರು ಬರೆಯುವುದುಂಟು. ನನಗೇನೋ ಆ ಹೊಸಲು ದಾಟುವುದೇ ಮುಖ್ಯವೆನಿಸಿತು. ವಿಧವಾ ಪುನರ್ವಿವಾಹವನ್ನು ಬ್ರಿಟಿಷ್ ಸರಕಾರ 1856ರಲ್ಲೇ ಕಾಯಿದೆಬದ್ಧಗೊಳಿಸಿತ್ತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತ್ತು. ಎಂಟು ವರ್ಷ! ಆ ಸಂಖ್ಯೆಯನ್ನು ಒಂದು ಕ್ಷಣ ನೆನೆಯಿರಿ.  ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹದಿನಾಲ್ಕರ ಮಿತಿ ಬಂದದ್ದು 1929ರ ಶಾರದಾ ಕಾಯಿದೆಯಿಂದ. ಎಂಟು ವರ್ಷದ ಹುಡುಗಿಗೆ ಒಪ್ಪಿಗೆಯೆಂಬ ಪದದ ಅರ್ಥ ತಿಳಿದೀತೇ? ಅಂಥ ಕಾಲದಲ್ಲಿ ಹೆಣ್ಣು ಪ್ರೀತಿಸುವ ಕಥೆ ಬರೆಯಬೇಕಾದರೆ ಕಾದಂಬರಿಕಾರನಿಗಿದ್ದ ದಾರಿ ಒಂದೇ. ಪ್ರಾಯಕ್ಕೆ ಬಂದೂ ಗಂಡನಿಲ್ಲದ ಹೆಣ್ಣೆಂದರೆ ಬಾಲವಿಧವೆ ಮಾತ್ರ. ನಮ್ಮ ಪ್ರಣಯ ಕಾದಂಬರಿಯ ಮೊದಲ ನಾಯಿಕೆ ವಿಧವೆಯಾದದ್ದು ಕೇವಲ ಸುಧಾರಣೆಯ ಹುಮ್ಮಸ್ಸಿನಿಂದಲ್ಲ; ಸಮಾಜದ ಲೆಕ್ಕಾಚಾರವೇ ಹಾಗಿತ್ತು.

ಇದಾದ ಹದಿನಾಲ್ಕು ವರ್ಷಗಳ ಮೇಲೆ, 1913ರಲ್ಲಿ, ಸ್ವತಃ ಬಾಲವಿಧವೆಯಾಗಿದ್ದ ತಿರುಮಲಾಂಬ ನಂಜನಗೂಡಿನಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಪ್ರಾರಂಭಿಸಿದರು. ಬರೆದವರು ತಾವೇ, ಪ್ರಕಟಿಸಿದವರು ತಾವೇ. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಅವರ ‘ಸುಶೀಲೆ’ಯನ್ನು ಈಗ ಓದುವವರಿಗೆ ಸ್ವಲ್ಪ ನಿರಾಶೆಯಾದೀತು. ಏಕೆಂದರೆ ಇಂದಿರೆಯಂತೆ ಸುಶೀಲೆ ಹೊಸಲು ದಾಟುವುದಿಲ್ಲ. ದಾರಿ ತಪ್ಪಿದ ಗಂಡನನ್ನು ಸಹನೆಯಿಂದಲೇ ತಿದ್ದುವ ಪತಿವ್ರತೆ ಆಕೆ. ಗಂಡಸು ಬರೆದ ಕಾದಂಬರಿಯಲ್ಲಿ ವಿಧವೆ ಮರುಮದುವೆಯಾದಳು; ವಿಧವೆ ಬರೆದ ಕಾದಂಬರಿಯಲ್ಲಿ ಹೆಂಡತಿ ಸಹಿಸಿಕೊಂಡಳು. ಇದೇನು ವಿಪರೀತ ಎಂದು ಕೇಳಬಹುದು.

ನನಗೆ ಇದು ವಿಪರೀತವಾಗಿ ತೋರಲಿಲ್ಲ. ಗುಲ್ವಾಡಿಯವರಿಗೆ ಪುಸ್ತಕವನ್ನು ಅಚ್ಚಿಗೆ ಕೊಟ್ಟ ಮೇಲೆ ಹೋಗಲು ಕಚೇರಿಯಿತ್ತು. ತಿರುಮಲಾಂಬ ಅವರು ತಂದೆಯ ಮನೆಯಲ್ಲೇ ಇದ್ದು, ಆ ಊರಿನ ಹೆಂಗಸರ ನಡುವೆಯೇ ಬಾಳಿ, ಆ ಹೆಂಗಸರ ಕೈಗೇ ತಮ್ಮ ಪುಸ್ತಕವನ್ನು ಮುಟ್ಟಿಸಬೇಕಾಗಿತ್ತು. ಮನೆಯ ಹಿರಿಯರು ಕಸಿದುಕೊಳ್ಳದಂಥ ಪುಸ್ತಕವನ್ನು ಮೊದಲು ಬರೆಯಬೇಕು. ಓದುವ ಅಭ್ಯಾಸ ಬೇರೂರಿದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ. ಪುಸ್ತಕವೊಂದನ್ನು ಹಿಡಿದು ಗೋಡೆಗೊರಗಿ ಕುಳಿತುಕೊಳ್ಳುವ ಹಕ್ಕನ್ನು ಕನ್ನಡದ ಹೆಣ್ಣಿಗೆ ಸಂಪಾದಿಸಿಕೊಟ್ಟವರಲ್ಲಿ ಈಕೆ ಅಗ್ರಗಣ್ಯರು. 1887ರಲ್ಲಿ ಹುಟ್ಟಿದ ಈಕೆ 1982ರ ವರೆಗೆ ಬದುಕಿದ್ದರು. ತ್ರಿವೇಣಿಯವರು 1928ರಲ್ಲಿ ಹುಟ್ಟಿ, ಇಪ್ಪತ್ತಕ್ಕೆ ಸಮೀಪದಷ್ಟು ಕಾದಂಬರಿಗಳನ್ನು ಬರೆದು, 1963ರಲ್ಲಿ ತೀರಿಕೊಂಡದ್ದೆಲ್ಲ ತಿರುಮಲಾಂಬ ಅವರ ಜೀವಿತಾವಧಿಯ ಒಳಗೇ ನಡೆದುಹೋಯಿತು.

ಈಗ ‘ಫಣಿಯಮ್ಮ’ನ ವಿಷಯ. ಎಂ.ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಈ ಕೃತಿ ತಮ್ಮ ಬಂಧುವರ್ಗದಲ್ಲೇ ಬಾಳಿದ್ದ ಹಿರಿಯಾಕೆಯೊಬ್ಬರ ಜೀವನವನ್ನು ಆಧರಿಸಿದ್ದು. ಕಾದಂಬರಿ ಹೇಳುವಂತೆ ಆಕೆಯ ಆಯುಷ್ಯ 1840ರಿಂದ 1952ರ ವರೆಗೆ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ಮುಂದೆ ಕೇಶಮುಂಡನ, ಒಂದು ಹೊತ್ತಿನ ಊಟ, ಮಲೆನಾಡಿನ ದೊಡ್ಡ ಮನೆಯ ಮುಗಿಯದ ಕೆಲಸ. ಮಂಗಳೂರಿನಲ್ಲಿ ‘ಇಂದಿರಾಬಾಯಿ’ ಅಚ್ಚಾದಾಗ ಈಕೆಗೆ 59 ವರ್ಷ. ಕಾಗದದ ಮೇಲಿನ ವಿಧವೆ ಮರುಮದುವೆಯಾಗಿ ಸುಖವಾಗಿದ್ದಳು. ಘಟ್ಟದ ಮೇಲಿನ ವಿಧವೆ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಇನ್ನೂ 53 ವರ್ಷ ಬದುಕಬೇಕಾಗಿತ್ತು. ಪ್ರಣಯ ಕಾದಂಬರಿಗಳ ಸಾಲಿನಲ್ಲಿ ಈ ಪುಸ್ತಕವನ್ನು ನಾನು ಇಟ್ಟುಕೊಂಡದ್ದು ಇದಕ್ಕಾಗಿಯೇ. ಆಗಬಹುದು ಎನ್ನುವ ಅವಕಾಶವಾಗಲಿ, ಬೇಡ ಎನ್ನುವ ಅವಕಾಶವಾಗಲಿ ಜೀವಮಾನದಲ್ಲಿ ಒಮ್ಮೆಯೂ ಸಿಗದ ಹೆಣ್ಣಿನ ಬಾಳು ಹೇಗಿತ್ತೆಂದು ತಿಳಿಯದೆ, ಉಳಿದ ನಾಯಿಕೆಯರ ಒಂದೊಂದು ಮಾತಿನ ಬೆಲೆ ನಮಗೆ ತಿಳಿಯುವುದಿಲ್ಲ. ಆ ಕಾದಂಬರಿಯಲ್ಲಿಯೂ ತಲೆ ಬೋಳಿಸಿಕೊಳ್ಳಲೊಲ್ಲೆನೆಂದು ಹಟ ಹಿಡಿಯುವ ದಾಕ್ಷಾಯಿಣಿಯೆಂಬ ಹುಡುಗಿಯೊಬ್ಬಳಿದ್ದಾಳೆ. ಅವಳ ಪರವಾಗಿ ಮಾತನಾಡುವವಳು ಬೇರೆ ಯಾರೂ ಅಲ್ಲ, ಅದನ್ನೆಲ್ಲ ಅನುಭವಿಸಿದ ಫಣಿಯಮ್ಮನೇ.

ಇಲ್ಲಿ ಕಥೆಗಳನ್ನು ಒಂದಿಷ್ಟು ನಿಲ್ಲಿಸಿ, ಅವು ಓದುಗರ ಕೈ ಸೇರಿದ ಬಗೆಯನ್ನು ಹೇಳಬೇಕು. ನಾನಿರುವುದು ಬೆಂಗಳೂರಿನ ಓಕಳಿಪುರಂನಲ್ಲಿ. ರೈಲು ಹಳಿಗಳ ಮಗ್ಗುಲಿನ ಬಡಾವಣೆ. ಮೆಜೆಸ್ಟಿಕ್ಕಿಗೆ ಕಾಲ್ನಡಿಗೆಯ ದಾರಿ, ಒಂದು ಪಕ್ಕಕ್ಕೆ ಶ್ರೀರಾಮಪುರ, ಇನ್ನೊಂದು ಪಕ್ಕಕ್ಕೆ ಮಾಗಡಿ ರಸ್ತೆ. ರೈಲ್ವೆ ನೌಕರರು, ಬಟ್ಟೆ ಗಿರಣಿಗಳ ಕೆಲಸಗಾರರು ಬಹಳ ಕಾಲ ಬಾಳಿದ ಪ್ರದೇಶ. ಮನೆಯೊಳಗೆ ತಮಿಳೋ ತೆಲುಗೋ ಆಡುತ್ತ, ಓದುವುದು ಮಾತ್ರ ಕನ್ನಡವನ್ನೇ ಎಂಬ ಹೆಂಗಸರು ಇಲ್ಲಿ ಎಷ್ಟೋ ಮಂದಿ. 1931ರಲ್ಲಿ ಆರಂಭವಾದ ‘ಪ್ರಜಾಮತ’, 1965ರಲ್ಲಿ ಆರಂಭವಾದ ‘ಸುಧಾ’ ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳು ಇಂಥ ಮನೆಗಳಿಗೆ ಕಾದಂಬರಿಯನ್ನು ಕಂತುಕಂತಾಗಿ ತಂದವು. ವಠಾರದ ಒಂದು ಮನೆಯವರು ಪತ್ರಿಕೆ ಕೊಂಡರೆ ಐದು ಮನೆಯವರು ಓದುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಹಾಳೆಗಳನ್ನು ಕತ್ತರಿಸಿ, ಒಟ್ಟುಮಾಡಿ, ದಬ್ಬಣದಿಂದ ಹೊಲಿದು, ಮೇಲೊಂದು ಕಂದು ಕಾಗದ ಅಂಟಿಸಿದರೆ ಪುಸ್ತಕವಾಯಿತು. ಅದು ಸಾಲದವರಿಗೆ ಬಾಡಿಗೆಯ ಪುಸ್ತಕದಂಗಡಿಗಳಿದ್ದವು. ನಾವು ಸರ್ಕ್ಯುಲೇಟಿಂಗ್ ಲೈಬ್ರರಿ ಎನ್ನುತ್ತಿದ್ದುದು ಅವನ್ನೇ. ಸ್ವಲ್ಪ ಠೇವಣಿ ಇಟ್ಟು, ದಿನಕ್ಕೆ ಇಷ್ಟು ಪೈಸೆಯೆಂದು ಕೊಟ್ಟು, ಹೊಟ್ಟೆಯ ಮೇಲೆ ನೇರಿಳೆ ಬಣ್ಣದ ಮುದ್ರೆಯೊತ್ತಿದ ಪುಸ್ತಕವನ್ನು ಮನೆಗೆ ತರುವುದು. ತಡವಾದಷ್ಟೂ ಬಾಡಿಗೆ ಏರುವುದರಿಂದ ಓದೂ ಚುರುಕು.

ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಲಂಡನ್ನಿನಲ್ಲಿ 1908ರಲ್ಲಿ ಸ್ಥಾಪನೆಯಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆ 1930ರ ದಶಕದಲ್ಲಿ ಪ್ರಣಯ ಕಾದಂಬರಿಗಳಿಗೆ ಹೆಸರಾದದ್ದೂ ಇಂಥ ಬಾಡಿಗೆ ಪುಸ್ತಕಾಲಯಗಳ ಆಧಾರದಿಂದಲೇ. ಕೊಳ್ಳಲು ಹಣವಿಲ್ಲದ, ಆದರೆ ಓದಲು ಹಸಿವಿದ್ದ ಹೆಂಗಸರೇ ಅಲ್ಲಿಯೂ ಇಲ್ಲಿಯೂ ಈ ಸಾಹಿತ್ಯವನ್ನು ಪೋಷಿಸಿದವರು.

ಅಂಥ ಓದುಗರ ಆರಾಧ್ಯ ಲೇಖಕಿ ತ್ರಿವೇಣಿ. ‘ಬೆಳ್ಳಿಮೋಡ’ದ ನಾಯಿಕೆಯ ಹೆಸರೂ ಇಂದಿರೆ. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಒಡೆಯರಿಗೆ ಒಬ್ಬಳೇ ಮಗಳು. ಮೋಹನನೆಂಬ ತರುಣನ ವಿದೇಶದ ಓದಿಗೆ ಅವಳ ತಂದೆ ಹಣ ಕೊಡುತ್ತಾರೆ, ಮದುವೆ ನಿಶ್ಚಯವಾಗುತ್ತದೆ. ಅವನು ದೂರವಿರುವಾಗ ಇಂದಿರೆಗೆ ತಮ್ಮನೊಬ್ಬ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಹಿಂದಿರುಗಿದ ಮೋಹನನಿಗೆ ತೋಟಕ್ಕೆ ಬೇರೆ ವಾರಸುದಾರ ಬಂದಿರುವುದು ತಿಳಿಯುತ್ತದೆ. ಅವನ ಪ್ರೀತಿಯೂ ತಣ್ಣಗಾಗುತ್ತದೆ. ಮುಂದೆ ಅವನು ಪೆಟ್ಟು ಬಿದ್ದು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗಿ, ಮದುವೆಯಾಗೋಣವೆಂದು ತಾನೇ ಕೇಳುತ್ತಾನೆ. ಇಂದಿರೆ ಒಲ್ಲೆನೆನ್ನುತ್ತಾಳೆ.

ಇಂಗ್ಲಿಷ್ ಓದಿದವರಿಗೆ ಇಲ್ಲಿ ಜೇನ್ ಆಸ್ಟಿನ್ ನೆನಪಾಗುವುದು ಸಹಜ. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಗಂಡುಸಂತಾನವಿಲ್ಲದ್ದರಿಂದ ಐವರು ಹೆಣ್ಣುಮಕ್ಕಳ ಮನೆ ದೂರದ ದಾಯಾದಿಯ ಪಾಲಾಗಬೇಕಾಗುತ್ತದೆ. ಇಲ್ಲಿ ಗಂಡುಸಂತಾನ ಹುಟ್ಟಿದ್ದರಿಂದಲೇ ಮಗಳ ಬೆಲೆ ಇಳಿಯುತ್ತದೆ. ಎರಡರಲ್ಲಿಯೂ ಪ್ರೀತಿಯ ಕೆಳಗೆ ಆಸ್ತಿಯ ದಸ್ತಾವೇಜು ಇದೆ. ನಮ್ಮ ದೇಶದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲು ಕೊಟ್ಟಿತು. ಆದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಮಗಳಿಗೂ ಬರಲು ಕರ್ನಾಟಕದಲ್ಲಿ 1994ರ ವರೆಗೆ, ದೇಶಕ್ಕೆಲ್ಲ ಅನ್ವಯವಾಗುವಂತೆ 2005ರ ವರೆಗೆ ಕಾಯಬೇಕಾಯಿತು. ತ್ರಿವೇಣಿಯವರು ಕಾನೂನಿನ ಮಾತನ್ನೆತ್ತದೆ, ಒಂದು ತೊಟ್ಟಿಲನ್ನು ಮನೆಯೊಳಗೆ ತಂದಿಟ್ಟು, ಅದರಿಂದ ಒಬ್ಬ ಗಂಡಸಿನ ಪ್ರೀತಿಯ ತೂಕವನ್ನು ಅಳೆದರು. ಇದನ್ನು ಹೊತ್ತು ಕಳೆಯುವ ಕಥೆಯೆಂದು ಕರೆಯಲು ನನಗೆ ಮನಸ್ಸು ಬಾರದು.

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ತಾಯಿ ಇದ್ದಾರೆ. ಗಿರಣಿ ಕೆಲಸಗಾರರೊಬ್ಬರ ಹೆಂಡತಿಯಾಗಿ ಈ ಬಡಾವಣೆಗೆ ಬಂದವರು. ತ್ರಿವೇಣಿಯವರನ್ನೆಲ್ಲ ಬಾಡಿಗೆಗೆ ತಂದು ಓದಿದವರು. ಇಂದಿರೆ ಮಾಡಿದ್ದು ಸರಿಯೇ ಎಂದು ಅವರನ್ನು ಕೇಳಿದೆ. ಅವರ ಉತ್ತರ ಹೀಗಿತ್ತು: “ಬೇಡ ಅಂದಿದ್ದು ಸರೀನೇ ಕಣಪ್ಪಾ. ಆದ್ರೆ ಬೇಡ ಅಂದ್ಮೇಲೂ ಇರೋಕೆ ಅವ್ಳಿಗೆ ಅಪ್ಪನ ಮನೆ ಇತ್ತು. ನಮಗೆ ಅದೆಲ್ಲಿತ್ತು?” ಇಂದಿರೆಯ ಅಂತ್ಯದ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದ ಮಾತು ಮತ್ತೊಂದಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರವೋ ಎಂಬಂತಿದೆ ‘ಶರಪಂಜರ’. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿದವರು. ಆ ಓದು ಇಲ್ಲಿ ಸಾರ್ಥಕವಾಗಿದೆ. ಕಾವೇರಿ ಸತೀಶನನ್ನು ಮೆಚ್ಚಿ ಮದುವೆಯಾದವಳು. ಉಳಿದವರ ಕಥೆ ಮುಗಿಯುವಲ್ಲಿ ಅವಳದು ಆರಂಭವಾಗುತ್ತದೆ. ಹೆರಿಗೆಯ ತರುವಾಯ ಅವಳಿಗೆ ಚಿತ್ತವಿಕಾರವಾಗುತ್ತದೆ. ಆಸ್ಪತ್ರೆಯಲ್ಲಿದ್ದು ಗುಣವಾಗಿ ಮನೆಗೆ ಬರುತ್ತಾಳೆ. ರೋಗ ವಾಸಿಯಾದದ್ದನ್ನು ವೈದ್ಯರು ಒಪ್ಪಿದರೂ ಮನೆಯವರು ಒಪ್ಪುವುದಿಲ್ಲ. ಅವಳು ನಕ್ಕರೆ ಹುಚ್ಚು, ಅತ್ತರೆ ಹುಚ್ಚು. ಗಂಡನ ಒಲವು ಬೇರೊಬ್ಬಳತ್ತ ಹರಿದಿದೆ. ಕಡೆಗೆ ಅವಳು ಆಸ್ಪತ್ರೆಗೇ ಮರಳಬೇಕಾಗುತ್ತದೆ. ಒಮ್ಮೆ ಆಗಬಹುದು ಎಂದವಳಿಗೆ, ಮುಂದೆ ತನ್ನ ಯಾವ ಮಾತಿಗೂ ಬೆಲೆಯಿಲ್ಲದೆ ಹೋಗುವುದೆಂದರೇನು ಎಂಬುದನ್ನು ಈ ಕಾದಂಬರಿ ತೋರಿಸುತ್ತದೆ. ಹೆರಿಗೆಯ ನಂತರದ ಮನೋರೋಗ ಚಿಕಿತ್ಸೆಗೆ ಬಗ್ಗುವ ಕಾಯಿಲೆಯೆಂಬ ತಿಳಿವಳಿಕೆ ಮನೆಮನೆಗೆ ಮುಟ್ಟಿರದ ದಿನಗಳಲ್ಲಿ ಬರೆದ ಪುಸ್ತಕವಿದು. ಬೆಂಗಳೂರಿನ ನಿಮ್ಹಾನ್ಸ್ ಆ ಹೆಸರಿನಲ್ಲಿ ರೂಪುಗೊಂಡದ್ದೇ 1974ರಲ್ಲಿ, ತ್ರಿವೇಣಿಯವರು ತೀರಿಕೊಂಡು 11 ವರ್ಷಗಳಾದ ಮೇಲೆ.

‘ಗೆಜ್ಜೆಪೂಜೆ’ಯ ಚಂದ್ರಾಳ ಕಥೆ ಇನ್ನೊಂದು ಬಗೆಯದು. ಅವಳು ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದವಳು. ಬಯಸುವುದು ಗೃಹಿಣಿಯ ಬಾಳನ್ನು. ಉಳಿದ ನಾಯಿಕೆಯರಿಗೆ ಮದುವೆಯೆಂಬುದು ಬೇಡವೆನ್ನಬಹುದಾದ ವಸ್ತುವಾದರೆ ಇವಳಿಗೆ ಅದು ಕೈಗೆಟುಕದ ವಸ್ತು. ಗೆಜ್ಜೆಪೂಜೆಯ ಶಾಸ್ತ್ರ ಅವಳ ಒಪ್ಪಿಗೆಯನ್ನು ಕಾಯುವುದಿಲ್ಲ; ಕುಲವೇ ಅವಳ ಪರವಾಗಿ ಒಪ್ಪಿಬಿಟ್ಟಿದೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬೆಳಕು ಕಂಡದ್ದು 1963ರಲ್ಲಿ, ಅವರಿಗೆ 46 ವರ್ಷವಾಗಿದ್ದಾಗ. ಸಂಸಾರವನ್ನು ನಡೆಸಿ ಪಳಗಿದ ಕೈ ಅವರದು. ಆದ್ದರಿಂದಲೇ ಸಭ್ಯರ ಬೀದಿಯ ಸಭ್ಯತೆಯ ಬೆಲೆ ಎಷ್ಟೆಂಬುದನ್ನು ಅವರು ಸ್ವಲ್ಪವೂ ದನಿಯೇರಿಸದೆ ತೋರಿಸಬಲ್ಲರು. ಕರ್ನಾಟಕ ಸರಕಾರ ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸುವ ಶಾಸನವನ್ನು ತಂದದ್ದು 1982ರಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಮೊದಲೇ ನಮ್ಮ ಮಧ್ಯಮವರ್ಗದ ಗೃಹಿಣಿಯರು ಚಂದ್ರಾಳಿಗಾಗಿ ಕಣ್ಣೀರು ಹಾಕಿದ್ದರು. ಆ ಕಣ್ಣೀರಿನಿಂದಲೇ ಶಾಸನ ಹುಟ್ಟಿತೆಂದು ನಾನು ಹೇಳಲಾರೆ. ಅಂಥ ಮನೆಯ ಹೆಣ್ಣೂ ತನ್ನಂತೆಯೇ ಹೆಣ್ಣೆಂಬ ಭಾವ ಅಡುಗೆಮನೆಯವರೆಗೆ ಬಂದದ್ದಂತೂ ನಿಜ.

ಈ ಮೂರು ಕಾದಂಬರಿಗಳನ್ನೂ ಪುಟ್ಟಣ್ಣ ಕಣಗಾಲ್ ಚಲನಚಿತ್ರಗಳನ್ನಾಗಿ ಮಾಡಿದರು: 1967ರಲ್ಲಿ ‘ಬೆಳ್ಳಿಮೋಡ’, 1969ರಲ್ಲಿ ‘ಗೆಜ್ಜೆಪೂಜೆ’, 1971ರಲ್ಲಿ ‘ಶರಪಂಜರ’. ಮೂರರಲ್ಲಿಯೂ ನಾಯಿಕೆ ಕಲ್ಪನಾ. ಓಕಳಿಪುರಂನಿಂದ ಗಾಂಧಿನಗರದ ಚಿತ್ರಮಂದಿರಗಳಿಗೆ ಬಸ್ಸಿನ ಹಂಗಿಲ್ಲದೆ ನಡೆದು ಹೋಗಬಹುದಾಗಿತ್ತು. ಓದಿದವರು ಚಿತ್ರ ನೋಡಿದರು. ಚಿತ್ರ ನೋಡಿದವರು ಪುಸ್ತಕವನ್ನು ಹುಡುಕಿಕೊಂಡು ಬಂದರು. ತ್ರಿವೇಣಿಯವರಿಗೆ ಇದಾವುದನ್ನೂ ಕಾಣುವ ಭಾಗ್ಯವಿರಲಿಲ್ಲ.

ಕೊನೆಯದು ‘ಬಂಧನ’. ಇದರಲ್ಲಿ ನಾಯಿಕೆ ನಂದಿನಿ ಸ್ವತಃ ವೈದ್ಯೆ. ಆಸ್ಪತ್ರೆಯಲ್ಲಿ ಗಂಡಸರ ಸರಿಸಮಾನವಾಗಿ ದುಡಿಯುವವಳು. ‘ಫಣಿಯಮ್ಮ’ನಿಂದ ಇಲ್ಲಿಗೆ ಎಷ್ಟು ದೂರ ಬಂದೆವೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಸಹೋದ್ಯೋಗಿ ಹರೀಶ್ ಅವಳನ್ನು ಪ್ರೀತಿಸುತ್ತಾನೆ. ಅವಳು ಮದುವೆಯಾಗುವುದು ಬಾಲುವನ್ನು. ಈ ತ್ರಿಕೋನ ಹಳೆಯದೇ. ನನಗೆ ಹೊಸತಾಗಿ ಕಂಡದ್ದು ಹರೀಶನ ನಡತೆ. ಅವನು ನೋಯುತ್ತಾನೆ, ಒಳಗೊಳಗೇ ಕುಸಿಯುತ್ತಾನೆ, ಆದರೆ ಹೆಣ್ಣಿನ ಆಯ್ಕೆಯನ್ನು ಪ್ರಶ್ನಿಸುವುದಿಲ್ಲ; ಅವಳ ಒಳಿತನ್ನೇ ಬಯಸುತ್ತಾನೆ. ಅತ್ತ ಅವಳ ಕೈಹಿಡಿದ ಗಂಡನಾದರೋ ಸಂಶಯಪಡುತ್ತಾನೆ. ತನ್ನನ್ನು ಒಪ್ಪದ ಹೆಣ್ಣನ್ನು ಗೌರವಿಸಬಲ್ಲ ಗಂಡಸು ಒಬ್ಬ, ತನ್ನನ್ನು ಒಪ್ಪಿದ ಹೆಣ್ಣನ್ನು ನಂಬಲಾರದ ಗಂಡಸು ಇನ್ನೊಬ್ಬ. ‘ಇಂದಿರಾಬಾಯಿ’ಯ ಕಾಲದಲ್ಲಿ ಒಪ್ಪಿಗೆಯ ಪಾಠವನ್ನು ಹೆಣ್ಣು ಕಲಿಯಬೇಕಾಗಿತ್ತು. ‘ಬಂಧನ’ದ ಹೊತ್ತಿಗೆ ಅದನ್ನು ಗಂಡು ಕಲಿಯಬೇಕಾದ ಸರದಿ ಬಂದಿದೆ.

ಇಷ್ಟು ಮೆಚ್ಚಿಕೊಂಡ ಮೇಲೆ ದೋಷಗಳನ್ನೂ ಹೇಳಬೇಕು. ಈ ಪ್ರಕಾರದಲ್ಲಿ ಆಕಸ್ಮಿಕಗಳು ಹೆಚ್ಚು. ಕಥೆ ಇಕ್ಕಟ್ಟಿಗೆ ಸಿಕ್ಕಿದಾಗಲೆಲ್ಲ ಕಾಯಿಲೆಯೋ ಅಪಘಾತವೋ ಸಾವೋ ಬಂದು ಬಿಡಿಸುತ್ತದೆ. ಎಷ್ಟೋ ಕಡೆ ನಾಯಕನೆಂದರೆ ಡಾಕ್ಟರು, ಇಲ್ಲವೇ ತೋಟದ ಒಡೆಯ, ಇಲ್ಲವೇ ವಿದೇಶದಿಂದ ಬಂದವನು. ಅನಂತರ ಇದೇ ಹಾದಿಯಲ್ಲಿ ಬಂದ ನೂರಾರು ಕಾದಂಬರಿಗಳಲ್ಲಿ ತ್ರಿವೇಣಿಯವರ ಪ್ರಶ್ನೆ ಮಾಯವಾಗಿ ಅವರ ಅಲಂಕಾರ ಮಾತ್ರ ಉಳಿಯಿತು. ಬಂಗಲೆ ಉಳಿಯಿತು, ತೊಟ್ಟಿಲು ಹೋಯಿತು.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಈ ಪುಸ್ತಕಗಳನ್ನು ಎದೆಗವಚಿಕೊಂಡು ಓದಿದ ಓಕಳಿಪುರಂನ ಹೆಂಗಸು ಅವುಗಳ ಒಳಗೆ ಎಲ್ಲಿಯೂ ಇಲ್ಲ. ಬೆಳಗಿನ ಜಾವ ಬೀದಿ ನಲ್ಲಿಯ ಮುಂದೆ ಕೊಡವಿಟ್ಟು ನಿಂತವಳು, ಗಂಡನ ಪಾಳಿಗೆ ಸರಿಯಾಗಿ ಬುತ್ತಿ ಕಟ್ಟಿದವಳು, ಅಗರಬತ್ತಿ ಹೊಸೆದು ನಾಲ್ಕು ಕಾಸು ಕಂಡವಳು – ಇವಳ ಪ್ರೀತಿಯನ್ನು ನಾನು ಓದಿದ ಏಳರಲ್ಲಿ ಯಾವ ಕಾದಂಬರಿಯೂ ಕೇಂದ್ರದಲ್ಲಿ ಇರಿಸಿಕೊಂಡಿಲ್ಲ. ಜಾತಿಯ ಗೆರೆ ದಾಟುವ ಪ್ರೇಮವಂತೂ ಈ ಕಥೆಗಳಲ್ಲಿ ವಿರಳ. ನಿಜ ಜೀವನದಲ್ಲಿ ‘ಬೇಡ’ ಎನ್ನುವುದಕ್ಕಿಂತ ‘ಇವನೇ ಬೇಕು’ ಎನ್ನುವುದು ಹೆಚ್ಚು ಅಪಾಯಕರವಾದ ಮಾತಾಗಿತ್ತು. ಇಂದಿಗೂ ಎಷ್ಟೋ ಮನೆಗಳಲ್ಲಿ ಆಗಿಯೇ ಇದೆ. ಆ ಮಾತಿನ ಅಂಚಿನವರೆಗೆ ಬಂದು ನಮ್ಮ ಪ್ರಣಯ ಕಾದಂಬರಿ ನಿಂತುಬಿಟ್ಟಿತು. ಆದರೂ ಆ ಓದುಗರು ಮುನಿಸಿಕೊಳ್ಳಲಿಲ್ಲ. ತಮ್ಮದಲ್ಲದ ಬಂಗಲೆಯೊಳಗೆ ಹೊಕ್ಕು, ತಮ್ಮದೇ ಪ್ರಶ್ನೆಯನ್ನು ಅಲ್ಲಿಂದ ಎತ್ತಿಕೊಂಡು ಬಂದರು. ನಮ್ಮ ಬೀದಿಯ ಆ ತಾಯಿಯ ಮಾತೇ ಇದಕ್ಕೆ ಸಾಕ್ಷಿ.

ಈಗ ಗಿರಣಿಗಳ ಸಿಳ್ಳು ಕೇಳಿಸುವುದಿಲ್ಲ. ಬಾಡಿಗೆಯ ಪುಸ್ತಕದಂಗಡಿಗಳಲ್ಲಿ ಬಹುಪಾಲು ಮುಚ್ಚಿವೆ. ಅವುಗಳ ಪುಸ್ತಕಗಳು ತೂಕದ ಲೆಕ್ಕದಲ್ಲಿ ಹಳೆ ಕಾಗದದವರ ಪಾಲಾಗಿವೆ. ಕಾದಂಬರಿಗಳು ಮರುಮುದ್ರಣವಾಗುತ್ತವೆ, ಅವುಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಮರುಮುದ್ರಣವಾಗದಿರುವುದು ಓದಿದವರ ಅಭಿಪ್ರಾಯ. ಲೇಖಕಿಯರ ಚರಿತ್ರೆಯನ್ನು ವಿದ್ವಾಂಸರು ಬರೆದಿದ್ದಾರೆ. ಓದುಗಿತ್ತಿಯರ ಚರಿತ್ರೆಯನ್ನು ಬರೆಯುವವರು ಇನ್ನೂ ಬರಬೇಕಾಗಿದೆ. ಮಧ್ಯಾಹ್ನದ ಕೆಲಸ ಮುಗಿಸಿ, ವಠಾರದ ಜಗಲಿಯ ಮೇಲೆ ಕುಳಿತು, ಇಂದಿರೆ ಮಾಡಿದ್ದು ಸರಿಯೇ, ಕಾವೇರಿಗೆ ಬೇರೆ ದಾರಿಯಿರಲಿಲ್ಲವೇ ಎಂದು ವಾದಿಸಿದವರಿಗೆ ಇಂದು ಎಪ್ಪತ್ತು, ಎಂಬತ್ತು ವರ್ಷ.

ನಿಮ್ಮ ಮನೆಯಲ್ಲಿ ಅಂಥವರೊಬ್ಬರು ಇದ್ದರೆ ಅವರು ಓದಿದ್ದೇನು, ಯಾವ ನಾಯಿಕೆಯ ಮೇಲೆ ಅವರಿಗೆ ಸಿಟ್ಟು ಬಂತು, ಯಾವಳ ಬಗ್ಗೆ ಹೊಟ್ಟೆಕಿಚ್ಚಾಯಿತು ಎಂದು ದಯವಿಟ್ಟು ಕೇಳಿರಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳಿರಿ. ಅವರು ಮೊದಲು ನಕ್ಕು, “ಅಯ್ಯೋ, ಅದೆಲ್ಲ ಏನು ಕೇಳ್ತೀಯ” ಎಂದಾರು. ಮತ್ತೊಮ್ಮೆ ಕೇಳಿರಿ.

(ಆಕಾಶವಾಣಿ ಭಾಷಣ)